ಅಮ್ಮ ಎಣಿಸಬೇಡ ಎಂದ ಬಳೆಗಳು

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂದು ಖಚಿತವಾಗಿ ಹೇಳಲಾರೆ. ವರ್ಷದ ಬಗ್ಗೆ ಮಾತ್ರ ಅನುಮಾನವಿಲ್ಲ. ಅದು ನನ್ನ ಇಬ್ಬರು ಹೆಣ್ಣುಮಕ್ಕಳ ಶಾಲೆಯ ಸರ್ಟಿಫಿಕೇಟಿನಲ್ಲಿದೆ, ಅರವತ್ತನೆಯ ಇಸವಿ. ಉಳಿದದ್ದೆಲ್ಲ ಅಲುಗಾಡುತ್ತದೆ. ನಾನು ಸೈಕಲ್ಲಿನಲ್ಲಿ ಉತ್ತರಹಳ್ಳಿಗೆ ಹೋದ ಬೆಳಿಗ್ಗೆ ಮಳೆ ಹನಿಯುತ್ತಿತ್ತು ಎಂದು ನಾನು. ಹಪ್ಪಳ ಒಣಗಿಸುವಂಥ ಬಿಸಿಲಿತ್ತು ಎಂದು ನಮ್ಮಮ್ಮ, ಸಾಯುವವರೆಗೂ. ಡಾಕ್ಟರಮ್ಮನ ಕೋಣೆಯಲ್ಲಿ ಕಣ್ಣಾರೆ ಕಂಡೆ ಎಂದು ನಾನು ಹತ್ತಾರು ಸಲ ಹೇಳಿರುವ ದೃಶ್ಯವನ್ನು ನಾನು ಕಂಡೇ ಇಲ್ಲ, ಹೊರಗೆ ಬೆಂಚಿನ ಮೇಲೆ ಕೂತಿದ್ದೆ ಎನ್ನುತ್ತಾಳೆ ನನ್ನ ಹೆಂಡತಿ ಪದ್ಮ. ಇನ್ನು ಒಂದು ಸದ್ದು. ಅದನ್ನು ಕೇಳಿದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ, ಹಾಗಾಗಿ ಅಲ್ಲಗಳೆಯುವವರೂ ಇರಲಿಲ್ಲ.

ನಾನು ರಸಾಯನಶಾಸ್ತ್ರ ಓದಿ, ಅದನ್ನೇ ಕಾಲೇಜಿನಲ್ಲಿ ಪಾಠ ಮಾಡಿದವನು. ಕಂಡದ್ದನ್ನು ಕಂಡಾಗಲೇ ಬರೆದಿಡಿ, ನೆನಪನ್ನು ನಂಬಬೇಡಿ ಎಂದು ಪ್ರತಿ ವರ್ಷ ಹೊಸ ಹುಡುಗರಿಗೆ ಮೊದಲ ದಿನವೇ ಹೇಳುತ್ತಿದ್ದೆ. ಆ ಮಳೆಗಾಲದಲ್ಲಿ ನಾನೂ ಬರೆದಿಟ್ಟೆ, ನಿಜ. ಆದರೆ ಬರೆದಿಟ್ಟದ್ದು ಬೇಡದ ಅಂಕಿಗಳನ್ನು.

ಕಳೆದ ತಿಂಗಳು ನಮ್ಮ ಹಿತ್ತಿಲಿನಲ್ಲಿ ಅಂಟುವಾಳದ ಕಾಯಿಗಳನ್ನು ಬಿಸಿನೀರಿನಲ್ಲಿ ನೆನೆಹಾಕಿದ್ದರು. ಮಗಳ ಸೀಮಂತಕ್ಕೆ ಹಳೆಯ ರೇಷ್ಮೆಸೀರೆಗಳನ್ನು ತೊಳೆಯಬೇಕಿತ್ತು. ಪದ್ಮ ಕಾಯಿಗಳನ್ನು ಕಿವುಚಿದಾಗ ನೊರೆ ಎದ್ದು, ಆ ಕಹಿಯೂ ಅಲ್ಲದ ಹುಳಿಯೂ ಅಲ್ಲದ ವಾಸನೆ ಬಾಗಿಲವರೆಗೆ ಬಂತು. ನಾನು ಪೇಪರ್ ಓದುತ್ತಿದ್ದವನು ಎದ್ದು ನಿಂತೆ. ಇಪ್ಪತ್ತೇಳು ವರ್ಷಗಳ ಹಿಂದೆ ಇದೇ ವಾಸನೆ ಒಂದು ಆಸ್ಪತ್ರೆಯ ಬಾಗಿಲ ಸಂದಿಯಿಂದ ಬಂದಿತ್ತು.

ಆಗಿನ ಜಯನಗರವೆಂದರೆ ಹೆಚ್ಚಿನದೆಲ್ಲ ಕಲ್ಲು ನೆಟ್ಟ ಸೈಟುಗಳು. ರಸ್ತೆಗಳಿದ್ದವು, ಅವುಗಳಿಗೆ ತಕ್ಕ ಮನೆಗಳಿರಲಿಲ್ಲ. ನಮ್ಮ ಸಾಲಿನಲ್ಲಿ ನಾಲ್ಕು ಮನೆ. ಹಿತ್ತಿಲಿನಲ್ಲಿ ನಿಂತು ದಕ್ಷಿಣಕ್ಕೆ ನೋಡಿದರೆ ಬನಶಂಕರಿ ಗುಡಿಯ ಕಡೆಯ ದಿನ್ನೆ, ಆಚೆಗೆ ರಾಗಿ ಹೊಲ, ಅದರಾಚೆ ಬರೀ ಆಕಾಶ. ಆಷಾಢದ ಗಾಳಿ ಅಲ್ಲಿಂದ ಹೊರಟರೆ ನಮ್ಮ ಕಿಟಕಿಗೆ ಬಂದು ಬಡಿಯುವವರೆಗೆ ಅದನ್ನು ತಡೆಯುವ ವಸ್ತುವೇ ಇರಲಿಲ್ಲ. ಬಸವನಗುಡಿಯ ಒತ್ತೊತ್ತು ಮನೆಗಳ ನಡುವಿನಿಂದ ಬಂದಿದ್ದ ಅಮ್ಮನಿಗೆ ಆ ಬಯಲು ಕಂಡರೆ ಆಗುತ್ತಿರಲಿಲ್ಲ. “ಕಿಟ್ಟಿ, ಕೂಗಿದ್ರೆ ಓಡಿ ಬರೋಕೆ ಒಂದು ನರಪಿಳ್ಳೆ ಇಲ್ವಲ್ಲೋ ಇಲ್ಲಿ” ಎನ್ನುತ್ತಿದ್ದಳು. ನನಗೆ ಆ ಬಯಲೇ ಇಷ್ಟವಾಗಿತ್ತು. ಒಂದು ಗಾಜಿನ ಜಾಡಿಯನ್ನು ಅಂಗಳದಲ್ಲಿಟ್ಟು ಬಿದ್ದ ಮಳೆಯನ್ನು ಅಳೆಯುತ್ತಿದ್ದೆ. ಬಾವಿಯ ನೀರಿನ ಮಟ್ಟ ಅಳೆಯುತ್ತಿದ್ದೆ. ಮದುವೆಯಾಗಿ ನಾಲ್ಕು ವರ್ಷದ ಮೇಲೆ ಪದ್ಮ ಬಸುರಿಯಾದಾಗ, ಪ್ರತಿ ಭಾನುವಾರ ಟೇಪು ಹಿಡಿದು ಅವಳ ಹೊಟ್ಟೆಯನ್ನೂ ಅಳೆದು ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಡತೊಡಗಿದೆ.

“ಇವ್ರು ನನ್ನೂ ಬಾವಿ ಮಾಡ್ಬಿಟ್ರು ನೋಡಿ ಅತ್ತೆ” ಎಂದು ಪದ್ಮ ನಗುತ್ತಿದ್ದಳು.

ಐದು ತಿಂಗಳು ಮುಗಿಯುವ ಹೊತ್ತಿಗೆ ನನ್ನ ಗೆರೆ ವೈದ್ಯದ ಪುಸ್ತಕದಲ್ಲಿದ್ದ ಮಾಮೂಲಿ ಗೆರೆಯನ್ನು ಬಿಟ್ಟು ಮೇಲಕ್ಕೆ ಹೋಗಿತ್ತು. ಹತ್ತಿರದ ಬ್ಲಾಕಿನಲ್ಲಿ ಒಬ್ಬ ಡಾಕ್ಟರಮ್ಮ ಮನೆಯ ಮುಂದಿನ ಕೋಣೆಯಲ್ಲೇ ರೋಗಿಗಳನ್ನು ನೋಡುತ್ತಿದ್ದರು. ಬೆಳಿಗ್ಗೆ ದೊಡ್ಡ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ, ಸಂಜೆ ಇಲ್ಲಿ. ಮಾತು ಕಡಿಮೆ. ಆಷಾಢದಲ್ಲಿ ಒಂದು ಸಂಜೆ ಅವರು ಪದ್ಮಳನ್ನು ಮಲಗಿಸಿ, ಮರದ ತುತ್ತೂರಿಯಂಥ ಒಂದು ಕೊಳವೆಯನ್ನು ಹೊಟ್ಟೆಗೆ ಒತ್ತಿ ಕಿವಿಯಿಟ್ಟು ಕೇಳಿದರು. ಬಹಳ ಹೊತ್ತು ಕೇಳಿದರು. ಆಮೇಲೆ ನರ್ಸನ್ನು ಕರೆದು, ಇನ್ನೊಂದು ಕೊಳವೆ ಕೊಟ್ಟು, ಇನ್ನೊಂದು ಮಗ್ಗುಲಿಗೆ ನಿಲ್ಲಿಸಿದರು.

“ನಿಂಗೆ ಕೇಳೋ ಬಡಿತಾನ ಬೆರಳಲ್ಲಿ ತೋರ್ಸು. ನಾನೂ ತೋರಿಸ್ತೀನಿ.”

ಇಬ್ಬರೂ ಹೊಟ್ಟೆಯ ಎರಡು ಕಡೆ ಬಗ್ಗಿ, ಕಿವಿಯೊತ್ತಿ, ಒಬ್ಬರ ಮುಖ ಒಬ್ಬರು ನೋಡದೆ, ತಂತಮ್ಮ ಬಲಗೈ ಮೇಲೆತ್ತಿ ಗಾಳಿಯಲ್ಲಿ ತೋರುಬೆರಳು ಕುಟ್ಟತೊಡಗಿದರು. ಮೊದಲು ಎರಡೂ ಬೆರಳು ಒಟ್ಟಿಗೆ ಬೀಳುತ್ತಿದ್ದವು. ಆಮೇಲೆ ನರ್ಸಿನ ಬೆರಳು ಒಂದು ಕೂದಲೆಳೆ ಮುಂದಾಯಿತು. ಇನ್ನೂ ಮುಂದಾಯಿತು. ಡಾಕ್ಟರಮ್ಮನ ಬೆರಳು ಏಳುವಾಗ ಅದು ಬೀಳುತ್ತಿತ್ತು. ಮತ್ತೆ ಸುತ್ತು ಬಂದು ಎರಡೂ ಜೊತೆಯಾದವು, ಮತ್ತೆ ಬೇರೆಯಾದವು. ಒಂದೇ ಹೃದಯವಾಗಿದ್ದರೆ ಹಾಗೆ ಆಗುವಂತಿಲ್ಲ. ಒಳಗೆ ಎರಡು ಇವೆ, ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ, ತಂತಮ್ಮ ಗಡಿಯಾರ ತಾವೇ ಇಟ್ಟುಕೊಂಡು ನಡೆಯುತ್ತಿವೆ. ನಾನು ಅಲ್ಲಿಯವರೆಗೆ ನೋಡಿದ ಯಾವ ಪ್ರಯೋಗವೂ ಅಷ್ಟು ಸರಳವಾಗಿರಲಿಲ್ಲ, ಅಷ್ಟು ನಿಸ್ಸಂಶಯವಾಗಿಯೂ ಇರಲಿಲ್ಲ.

ಇದನ್ನೇ ಪದ್ಮ ಅಲ್ಲಗಳೆಯುವುದು. “ಗಂಡಸ್ರನ್ನ ಒಳಗೆ ಬಿಡ್ತಿದ್ರಾ ಅವ್ರು? ನೀವು ಬೆಂಚ್ ಮೇಲಿದ್ರಿ. ಮಲಗಿದ್ದೋಳು ನಾನು, ಬೆರಳು ನೋಡಿದ್ದು ನಾನು. ಮನೆಗೆ ಬರ್ತಾ ದಾರೀಲಿ ಹೇಳ್ದೆ.” ಇರಬಹುದು. ಆದರೆ ಆ ಎರಡು ಬೆರಳುಗಳು ಇಂದಿಗೂ ನನ್ನ ಕಣ್ಣ ಮುಂದೆ ಹೆಜ್ಜೆ ತಪ್ಪುತ್ತವೆ, ಮತ್ತೆ ಕೂಡುತ್ತವೆ.

ಶ್ರಾವಣದ ಮೊದಲ ವಾರ ಸೀಮಂತವಾಯಿತು. ಬಳೆ ತೊಡಿಸಲು ಬಂದವಳು ನರಸಮ್ಮ. ಉತ್ತರಹಳ್ಳಿಯಿಂದ ಬನಶಂಕರಿ ಗುಡಿಯ ದಾರಿಯಾಗಿ, ಹೆಗಲ ಮೇಲೆ ಬಳೆಯ ಮಲಾರ ಹೊತ್ತು ನಡೆದು ಬರುತ್ತಿದ್ದ ಮುದುಕಿ. ಅರವತ್ತು ದಾಟಿತ್ತು. ಅವಳ ಬಳಿ ಅಳತೆಯ ಉಂಗುರವಾಗಲಿ ಟೇಪಾಗಲಿ ಇರಲಿಲ್ಲ. ಬಳೆ ಇಡಿಸಿಕೊಳ್ಳುವವಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ಹೆಬ್ಬೆರಳಿನ ಬುಡವನ್ನು ಒಂದು ಸಲ ಹಿಸುಕಿದರೆ ಆಯಿತು, ಅಳತೆ ಹೇಳುತ್ತಿದ್ದಳು. ಹೇಳಿದ ಮೇಲೆ ಮರೆಯುತ್ತಿರಲಿಲ್ಲ. ಪದ್ಮ ಮದುವೆಯಾಗಿ ಬಂದ ವರ್ಷ ಹಿಡಿದಿದ್ದ ಕೈ ಅದು.

“ಎರಡೂಕಾಲು” ಎಂದಳು ಹಿಡಿದ ಕೂಡಲೇ. “ಅವತ್ತೂ ಎರಡೂಕಾಲು, ಇವತ್ತೂ ಎರಡೂಕಾಲು. ಹೂವಿನ ಕೈ ಕಣವ್ವ ನಿಂದು.”

“ಬಸುರೀಲಿ ಕೈ ದಪ್ಪ ಆಗಲ್ವೇ? ಸ್ವಲ್ಪ ದೊಡ್ಡ ಸೈಜ್ ಹಾಕು” ಎಂದೆ ನಾನು.

ಅವಳು ತಲೆಯೆತ್ತಲಿಲ್ಲ. “ಸಾಮಿ, ನೀವು ಕಾಲೇಜಲ್ಲಿ ಪಾಠ ಹೇಳಿ. ಇಲ್ಲಿ ಬಾಯಿ ಮುಚ್ಕೊಂಡು ಎಲೆ ಅಡಿಕೆ ಹಾಕ್ಕಳಿ.” ಹೆಂಗಸರೆಲ್ಲ ನಕ್ಕರು. ಬಲಗೈಗೆ ಹನ್ನೊಂದು, ಎಡಗೈಗೆ ಹತ್ತು, ಹಸಿರು ಗಾಜಿನ ಬಳೆ. ಹೆರುವವರೆಗೆ ಅವನ್ನು ತೆಗೆಯುವ ಹಾಗಿಲ್ಲ. ತಾನಾಗಿ ಒಂದು ಒಡೆದರೂ ‘ಒಡೆಯಿತು’ ಎನ್ನುವ ಹಾಗಿಲ್ಲ, ‘ಹೆಚ್ಚಿತು’ ಎನ್ನಬೇಕು. ಅಂಥ ಮಾತಿಗೆ ನಾನು ನಗುತ್ತಿದ್ದ ಕಾಲ ಅದು. ಕೈ ಕೆಳಗಿಳಿಸಿದಾಗ ಇಪ್ಪತ್ತೊಂದೂ ಸಡಿಲವಾಗಿ ಜಾರಿ ಘಲ್ಲೆಂದವು.

ಆ ಘಲ್ಲು ನಿಂತದ್ದು ಯಾವಾಗ? ನನಗೆ ಗೊತ್ತಿಲ್ಲ. ಇದೇ ನನ್ನನ್ನು ಇಷ್ಟು ವರ್ಷ ಕಾಡಿದ ಪ್ರಶ್ನೆ. ದಿನವೂ ಆ ಮನೆಯಲ್ಲಿದ್ದೆ, ಅವಳು ಬಡಿಸಿದ ಅನ್ನ ಉಂಡೆ. ಎರಡು ಕೈಯ ಸದ್ದು ನಿಂತದ್ದು ನನ್ನ ಕಿವಿಗೆ ಬೀಳಲಿಲ್ಲ. ಭಾನುವಾರ ಬಂದರೆ ಹೊಟ್ಟೆ ಅಳೆದೆ, ಚುಕ್ಕೆ ಇಟ್ಟೆ, ಗೆರೆ ಏರುವುದನ್ನು ನೋಡಿ ಎರಡು ಮಕ್ಕಳಿಗೆ ಇದು ಸರಿಯಾಗಿದೆ ಎಂದುಕೊಂಡೆ.

ಅಮ್ಮನಿಗೂ ಪದ್ಮಳಿಗೂ ಗೊತ್ತಿತ್ತು. ಮೊದಲು ಕಾಲು ಊದಿತ್ತು. ಆಮೇಲೆ ಕೈ. ಬಳೆಗಳು ಮಣಿಕಟ್ಟಿನ ಮೇಲೆ ಹಿಡಿದು ನಿಂತವು. ಅಮ್ಮ ಬೆಳಿಗ್ಗೆ ಸಂಜೆ ಹರಳೆಣ್ಣೆ ಸವರಿ ಒಂದೊಂದನ್ನೇ ತಿರುಗಿಸುತ್ತಿದ್ದಳು, ಚರ್ಮಕ್ಕೆ ಕಚ್ಚದಿರಲಿ ಎಂದು. “ಎರಡು ಜೀವ ಹೊತ್ತೋಳಿಗೆ ನೀರು ತುಂಬದೆ ಇರತ್ಯೆ?” ಎಂಬುದು ಅವಳ ಸಮಾಧಾನ. ನಿಜವಾದ ಭಯ ಬೇರೆ. ಡಾಕ್ಟರಮ್ಮ ನೋಡಿದರೆ ಬಳೆ ತೆಗೆಯಿರಿ ಎಂದುಬಿಡುತ್ತಾರೆ. ಅದಕ್ಕೇ ಎರಡು ಸಲದ ಭೇಟಿಯನ್ನು ಇಬ್ಬರೂ ಸೇರಿ ತಪ್ಪಿಸಿದ್ದರು. ಒಮ್ಮೆ ಮಂಗಳವಾರ ಎಂದರು, ಇನ್ನೊಮ್ಮೆ ರಾಹುಕಾಲ ಎಂದರು. ನಾನು ಹೂಂ ಎಂದೆ. ಗ್ರಾಫ್ ಚೆನ್ನಾಗಿತ್ತಲ್ಲ.

ಗೌರಿ ಹಬ್ಬಕ್ಕೆ ನಾಲ್ಕು ದಿನವಿರುವಾಗ ನರಸಮ್ಮ ಹಬ್ಬದ ಬಳೆ ತೊಡಿಸಲು ಬಂದಳು. ಕಾಲೇಜಿಗೆ ರಜೆ ಇತ್ತೋ, ನಾನೇ ಹೋಗಿರಲಿಲ್ಲವೋ, ಅಂತೂ ಜಗಲಿಯಲ್ಲಿದ್ದೆ. ಮಲಾರ ಇಳಿಸಿ, ನೀರು ಕುಡಿದು, “ಎಲ್ಲವ್ವಾ ನನ್ನ ಹೂವಿನ ಕೈ?” ಎಂದು ಪದ್ಮಳ ಬಲಗೈ ಹಿಡಿದಳು. ಕೈ ತಿರುಗಿಸಿ ನೋಡಿದಳು. ಮುಖ ನೋಡಿದಳು. ಕಣ್ಣಿನ ಕೆಳಗೆ ನೋಡಿದಳು.

“ತಲೆ ನೋಯ್ತದಾ?”

ಪದ್ಮ ಅಮ್ಮನ ಕಡೆ ನೋಡಿ, “ಎರಡು ದಿನದಿಂದ” ಎಂದಳು.

“ಕಣ್ಮುಂದೆ ಮಿಂಚುಹುಳ ಹಾರ್ದಂಗೆ?”

“ಅದು ನಿಂಗೆ ಹೆಂಗೆ ಗೊತ್ತು?”

ನರಸಮ್ಮ ಹಬ್ಬದ ಬಳೆಗಳನ್ನು ದಾರಕ್ಕೆ ವಾಪಸ್ಸು ಪೋಣಿಸತೊಡಗಿದಳು. “ಈ ಕೈಗೆ ನಾನು ಬಳೆ ಇಡಾಕಿಲ್ಲ. ಇದು ಕೈಯಲ್ಲ, ನೀರು. ಆಸ್ಪತ್ರೆಗೆ ಕರ್ಕೊಂಡೋಗಿ. ಈಗ್ಲೇ.”

ನನಗೆ ರೇಗಿತು. ಒಬ್ಬ ಎಂ.ಎಸ್ಸಿ. ಆದವನ ಮನೆಯಲ್ಲಿ ಬಳೆಯವಳು ರೋಗ ಹೇಳುವುದೇ? “ಸುಮ್ನೆ ಹೆದರಿಸ್ಬೇಡ ನರಸಮ್ಮ. ಏನಾಧಾರ ನಿಂದು?”

ಅವಳು ನನ್ನನ್ನು ಕೈಬೀಸಿ ಕರೆದಳು. ಪದ್ಮಳ ಹಿಂಗೈ ಮೇಲೆ ತನ್ನ ಹೆಬ್ಬೆರಳನ್ನು ಬಲವಾಗಿ ಒತ್ತಿ ತೆಗೆದಳು. ಕಲಸಿದ ಹಿಟ್ಟಿನಲ್ಲಿ ಬಿದ್ದ ಹಾಗೆ ಒಂದು ಕುಳಿ ಬಿತ್ತು.

“ಗಡಿಯಾರ ಕಟ್ಟಿದ್ದೀರಲ್ಲ, ಎಣಿಸಿ. ಅದು ಯಾವಾಗ ಮುಚ್ತದೆ ನೋಡಿ.”

ಎಣಿಸಿದೆ. ಹತ್ತು ಸೆಕೆಂಡು. ಇಪ್ಪತ್ತು. ಮೂವತ್ತು. ಕುಳಿ ಹಾಗೇ ಇತ್ತು. ನಲವತ್ತರ ಮೇಲೆ ಮೆಲ್ಲಗೆ ತುಂಬತೊಡಗಿತು.

“ಕೋಣನಕುಂಟೇಲಿ ಒಂದ್ ಹೆಣ್ಣಿಗೆ ಹಿಂಗೇ ಆಗಿತ್ತು. ನಾನೇ ಬಳೆ ಇಟ್ಟಿದ್ದೆ” ಎಂದಳು ನರಸಮ್ಮ.

“ಆಮೇಲೆ?”

“ಆಮೇಲಿಂದು ಕೇಳಬ್ಯಾಡಿ ಸಾಮಿ.”

ಆಗಲೂ ನಾನು ಹೊರಡಲಿಲ್ಲ. ಒಪ್ಪುವುದಕ್ಕೆ ಮೊದಲು ಪರೀಕ್ಷಿಸಬೇಕಿತ್ತು. ನಿಜ ಹೇಳುವುದಾದರೆ, ಅವಳ ಮಾತು ಸುಳ್ಳೆಂದು ತೋರಿಸಬೇಕಿತ್ತು. ನನ್ನಲ್ಲಿ ಒಂದು ಸ್ಪಿರಿಟ್ ದೀಪ, ನಾಲ್ಕಾರು ಪ್ರನಾಳಗಳಿದ್ದವು. ಪದ್ಮಳ ಮೂತ್ರವನ್ನು ಪ್ರನಾಳದಲ್ಲಿ ತೆಗೆದುಕೊಂಡು ಬಚ್ಚಲ ಕಟ್ಟೆಯ ಮೇಲೆ ಕಾಯಿಸಿದೆ. “ನನ್ನ ಮನೇಲಿ ಏನೇನು ಕಾಯಿಸ್ತೀಯೋ ಕಿಟ್ಟಿ, ಮಡಿ ಮೈಲಿಗೆ ಏನಾದ್ರೂ ಉಂಟೇನೋ!” ಎಂದು ಅಮ್ಮ ಹೊರಗಿನಿಂದ ಕೂಗುತ್ತಿದ್ದಳು. ಕಾದದ್ದು ಏನೂ ಆಗದೆ ತಿಳಿಯಾಗಿ ಉಳಿದರೆ ಆರೋಗ್ಯ. ಒಂದು ಹನಿ ಆಮ್ಲ ಬಿಟ್ಟೆ. ಮೇಲಿನಿಂದ ಮಂಜು ಇಳಿದ ಹಾಗೆ ಬಿಳುಪು ಇಳಿಯಿತು, ದಟ್ಟವಾಯಿತು, ಒಡೆದ ಹಾಲಿನ ಹಾಗೆ ಹೆಪ್ಪುಗಟ್ಟಿ ತಳಕ್ಕೆ ಕೂತಿತು. ಪ್ರನಾಳ ಓರೆ ಮಾಡಿದರೂ ಅಲುಗಲಿಲ್ಲ. ಅವಳ ರಕ್ತದಲ್ಲಿರಬೇಕಾದ ಪ್ರೋಟೀನು ಮೂತ್ರಕ್ಕೆ ಸೋರಿಹೋಗುತ್ತಿತ್ತು. ಹದಿನೈದು ನಿಮಿಷದ ಹಿಂದೆ ಒಂದು ಹೆಬ್ಬೆರಳು ಹೇಳಿದ್ದನ್ನೇ ನನ್ನ ಗಾಜು ಮತ್ತೆ ಹೇಳುತ್ತಿತ್ತು. ಹೊರಬಂದಾಗ ನರಸಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಏನಾಯಿತೆಂದು ಕೇಳಲಿಲ್ಲ. ನನ್ನ ಮುಖ ನೋಡಿ ಎದ್ದು ಮಲಾರ ಹೆಗಲಿಗೇರಿಸಿದಳು.

ಎದುರುಮನೆಯವರ ಕಾರಿನಲ್ಲಿ ಪದ್ಮಳನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ನಮ್ಮ ಡಾಕ್ಟರಮ್ಮನೇ ನೋಡಿದರು. ರಕ್ತದೊತ್ತಡ ಏರಿತ್ತು. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ ಕೋಣೆಯಲ್ಲಿ ಮಲಗಿಸಿ, ಬೆಳಕು ಬೇಡ, ಸದ್ದು ಬೇಡ, ಮನಸ್ಸಿಗೆ ನೋವಾಗುವ ಒಂದು ಮಾತೂ ಬೇಡ ಎಂದರು. ಮರುದಿನ ಬೆಳಿಗ್ಗೆ ನನ್ನನ್ನು ವರಾಂಡಕ್ಕೆ ಕರೆದರು.

“ನೋಡಿ ಮೇಷ್ಟ್ರೇ, ಮುಚ್ಚುಮರೆ ಬೇಡ. ಯಾವ ಗಳಿಗೇಲಾದ್ರೂ ಫಿಟ್ಸ್ ಬರಬಹುದು. ಬಂದ್ರೆ ಮೂರು ಜೀವಕ್ಕೂ ಕಷ್ಟ. ನಾನು ಮಾಡೋದೆಲ್ಲ ಮಾಡ್ತಿದ್ದೀನಿ. ಆದ್ರೆ ಕೈತುಂಬ ಗಾಜಿದೆಯಲ್ಲ, ಅದು ಬೇಡ. ಒದ್ದಾಡುವಾಗ ಒಡೆದ್ರೆ ಮಣಿಕಟ್ಟಿನ ನರಕ್ಕೇ ಇಳಿಯುತ್ತೆ. ತೆಗೀರಿ. ಬರದಿದ್ರೆ ಬಟ್ಟೆ ಸುತ್ತಿ ಒಡೀತೀವಿ.”

ಅಮ್ಮ ಬಾಗಿಲಿಗೆ ಅಡ್ಡ ನಿಂತಳು. “ಹೆರೋಕೆ ಮುಂಚೆ ಸೀಮಂತದ ಬಳೆ ಹೆಚ್ಚಿಸೋದೇ? ನನ್ನ ಕೈಯಾರೆ ಕೂರಿಸಿ ಇಡ್ಸಿದ್ದು. ಬೇಡ ತಾಯಿ, ಬೇಡ.” ಅಮ್ಮನನ್ನು ಪಕ್ಕಕ್ಕೆ ಕರೆದೊಯ್ಯಬಹುದಿತ್ತು. ಆದರೆ ಒಳಗಿಂದ ಪದ್ಮ, ನಾಲಿಗೆ ತೊದಲುತ್ತಿದ್ದರೂ, “ರೀ, ಒಡೀಬೇಡಿ ಅನ್ನಿ” ಎಂದಳು. ನರ್ಸು ಬಟ್ಟೆ ಹಿಡಿದು ಹತ್ತಿರ ಹೋದಾಗ ಎರಡೂ ಕೈಯನ್ನು ಎದೆಗೆ ಅವುಚಿ ಅಳತೊಡಗಿದಳು. ಡಾಕ್ಟರಮ್ಮ ಒತ್ತಡ ನೋಡಿದರು. ಇನ್ನೂ ಏರಿತ್ತು. ಬಳೆ ಇದ್ದರೆ ಅಪಾಯ, ಬಳೆ ಒಡೆದರೆ ಆ ಅಳುವಿನಿಂದಲೇ ಅಪಾಯ. ಅವರು ನನ್ನ ಮುಖ ನೋಡಿದರು. ಪುಸ್ತಕ ಓದಿದ ಇಬ್ಬರು, ಏನೂ ತೋಚದೆ ನಿಂತಿದ್ದೆವು.

“ಒಡೀದೆ ತೆಗೆಯೋರು ಒಬ್ರಿದ್ದಾರೆ” ಎಂದೆ. “ಎರಡು ಗಂಟೆ ಕೊಡಿ.”

“ಒಂದೂವರೆ” ಎಂದರು.

ಆರು ಮೈಲಿ ದಾರಿ. ಬನಶಂಕರಿ ಗುಡಿ ದಾಟಿದ ಮೇಲೆ ಟಾರು ಮುಗಿದು ಕೆಂಪು ಮಣ್ಣು. ಮಳೆ ಹನಿಯುತ್ತಿತ್ತು, ಅಥವಾ ಅದು ಬೆವರು. ನರಸಮ್ಮ ಮನೆಯ ಮುಂದೆ ಅವರೆಕಾಳು ಕೇರುತ್ತಿದ್ದಳು. ವಿಷಯ ಪೂರ್ತಿ ಹೇಳುವುದಕ್ಕೆ ಮೊದಲೇ ಮೊರ ಕೆಳಗಿಟ್ಟು, ಒಳಹೋಗಿ, ಒಂದು ಗಂಟು ಅಂಟುವಾಳದ ಕಾಯಿ ಸೆರಗಿಗೆ ಕಟ್ಟಿಕೊಂಡು ಬಂದಳು.

“ಬಸ್ ಯಾವಾಗಿದೆ?” ಎಂದೆ.

“ಬಸ್ಸಾ? ಬಸ್ ಬರೋಹೊತ್ತಿಗೆ ಕೂಸು ಶಾಲೆಗೋಗಿರ್ತವೆ. ನಡೀರಿ, ನಿಮ್ ಸೈಕಲ್ ಹಿಂದೆ ಕೂರ್ತೀನಿ.”

ಹಾಗೆ ಕಾಲೇಜಿನ ಲೆಕ್ಚರರ್ ಒಬ್ಬ, ಕೋಟು ಹಾಕಿಕೊಂಡು, ಕ್ಯಾರಿಯರ್ ಮೇಲೆ ಮುದುಕಿಯೊಬ್ಬಳನ್ನು ಕೂರಿಸಿಕೊಂಡು ಉತ್ತರಹಳ್ಳಿಯ ಬೀದಿಯಲ್ಲಿ ಹೊರಟದ್ದು. ಅರಳಿಕಟ್ಟೆಯ ಮೇಲಿದ್ದವನೊಬ್ಬ ಕೂಗಿದ: “ಏನ್ ಮೇಷ್ಟ್ರೇ, ನಮ್ಮೂರ ಅಜ್ಜೀನ ಹಾರಿಸ್ಕೊಂಡು ಹೋಗ್ತಿದ್ದೀರಾ?” ಹಿಂದಿನಿಂದ ನರಸಮ್ಮ, “ಹೂಂ ಕಣೋ, ನಿಮ್ಮಪ್ಪಂಗೆ ಹೇಳು, ಅವ್ನಿಗೆ ಕೇಳೋ ಧೈರ್ಯ ಇರ್ನಿಲ್ಲ” ಎಂದಳು. ನಗು ಬಂತು. ಇಟ್ಟಮಡುವಿನ ಕಡೆಯ ಏರಿನಲ್ಲಿ ಇಳಿದು ನೂಕುವಾಗ ಆ ನಗುವಿಗೇ ನಾಚಿಕೆಯಾಯಿತು.

ಆಸ್ಪತ್ರೆಯಲ್ಲಿ ಅವಳು ಮೊದಲು ಮಾಡಿದ್ದು ಅಮ್ಮನನ್ನು ಕೂರಿಸಿದ್ದು. “ತೆಗೆಯೋದಲ್ಲ ಕಣಮ್ಮಣ್ಣಿ. ಇಟ್ಟೋಳು ನಾನು. ಸ್ವಲ್ಪ ದಿನ ಈಚೆ ಇಟ್ಟಿರ್ತೀನಿ, ಹೆತ್ತ ಮೇಲೆ ನೀವೇ ಇಟ್ಕಳಿ. ಅಮಾನತ್ತು.” ಇಂಥ ಒಂದು ಶಾಸ್ತ್ರ ಎಲ್ಲಾದರೂ ಇದೆಯೋ, ಆ ಗಳಿಗೆಗೆ ಅವಳೇ ಕಟ್ಟಿದ್ದೋ, ಆಮೇಲೆ ಯಾರನ್ನು ಕೇಳಿದರೂ ತಿಳಿಯಲಿಲ್ಲ. ಅಮ್ಮ ಒಪ್ಪಿದಳು. ಬಿಸಿನೀರು ಬಂತು. ಅಂಟುವಾಳ ಕಿವುಚಿ ನೊರೆ ಎಬ್ಬಿಸಿದಳು. ನನ್ನನ್ನು ಹೊರಗೆ ಹಾಕಿ ಬಾಗಿಲು ಮುಂದಕ್ಕೆ ದೂಡಿದರು. ಒಂದು ಬೆರಳಗಲದ ಸಂದಿ ಉಳಿದಿತ್ತು.

ಆ ಸಂದಿಯಲ್ಲಿ ಕಂಡದ್ದು ಪದ್ಮಳ ಮುಖವಲ್ಲ, ನರಸಮ್ಮನ ಎರಡು ಕೈ. ಮೊದಲು ಅವಳು ಬೆರಳ ತುದಿಯಿಂದ ಮಣಿಕಟ್ಟಿನವರೆಗೆ, ಮಣಿಕಟ್ಟಿನಿಂದ ಮೊಳಕೈಯವರೆಗೆ, ಮೆಲ್ಲಗೆ ನೀವುತ್ತ ಹೋದಳು. ಊತವನ್ನೇ ಹಿಂದಕ್ಕೆ ಅಟ್ಟುತ್ತಿದ್ದಾಳೆ ಎನ್ನುವ ಹಾಗೆ. ಎಷ್ಟು ಹೊತ್ತು ಹಾಗೆ ನೀವಿದಳೋ. ಆಮೇಲೆ ಪದ್ಮಳ ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ಕೈಯನ್ನು ಕೊಕ್ಕರೆಯ ಕೊಕ್ಕಿನ ಹಾಗೆ ಕಿರಿದು ಮಾಡಿ, ಮೊದಲ ಬಳೆಯನ್ನು ಎಳೆಯಲಿಲ್ಲ, ತಿರುಗಿಸಿದಳು. ಒಂದು ನೂಲು ಮುಂದೆ, ಅರ್ಧ ನೂಲು ಹಿಂದೆ. ಬಾಯಲ್ಲಿ ಏನೋ ಗುನುಗು, ತೆಲುಗಿನಲ್ಲಿ. ಮೂಳೆಯ ಗಂಟಿನ ಬಳಿ ಬಳೆ ನಿಂತಾಗ ಅವಳೂ ನಿಂತಳು, ಉಸಿರೂ ಬಿಡದೆ. ಪದ್ಮ ಉಸಿರು ಬಿಟ್ಟ ಕ್ಷಣಕ್ಕೆ ಬಳೆ ದಾಟಿತು. ಗಾಜಿಗೂ ಮೂಳೆಗೂ ನಡುವೆ ಜಾಗವೇ ಇರಲಿಲ್ಲ. ಇಲ್ಲದ ಜಾಗವನ್ನು ಆ ಹೆಂಗಸು ತನ್ನ ಬೆರಳಿನಿಂದ ಉಂಟುಮಾಡುತ್ತಿದ್ದಳು, ಒಂದಲ್ಲ, ಇಪ್ಪತ್ತೊಂದು ಸಲ. ಡಾಕ್ಟರಮ್ಮ ಪಕ್ಕದಲ್ಲಿ ನಿಂತು ನೋಡುತ್ತಿದ್ದರು, ಕೈಕಟ್ಟಿಕೊಂಡು, ವಿದ್ಯಾರ್ಥಿನಿಯ ಹಾಗೆ.

ನಾನು ನೆಲ ನೋಡುತ್ತ ನಿಂತಿದ್ದಾಗ ಆ ಸದ್ದು ಬಂತು. ‘ಚಿಟ್’. ಸಣ್ಣದು. ಗಾಜಿನದೇ. ಒಂದು ಒಡೆಯಿತು ಎಂದುಕೊಂಡೆ. ಒಡೆಯಿತು ಎಂದೇ, ಹೆಚ್ಚಿತು ಎಂದಲ್ಲ. ನರಸಮ್ಮ ಹೊರಬಂದಾಗ ಅಮ್ಮನ ಕೈಯಲ್ಲಿ ಬಟ್ಟೆಯ ಗಂಟಿತ್ತು. “ಒಂದೂ ಹೋಗ್ಲಿಲ್ಲ” ಎಂದಳು ಅಮ್ಮ. ಅವಳು ಬೇರೆ ಏನು ಹೇಳಿಯಾಳು? ಗಂಟನ್ನು ನಾನು ಮುಟ್ಟಲು ಹೋದೆ. “ಎಣಿಸಬೇಡ್ವೋ. ಎಣಿಸಿದ್ರೆ ದೃಷ್ಟಿ” ಎಂದು ಸೆರಗಿನೊಳಗೆ ಎಳೆದುಕೊಂಡಳು.

ಅದೇ ಮಧ್ಯಾಹ್ನ ಪದ್ಮಳಿಗೆ ಫಿಟ್ಸ್ ಬಂತು. ಅದನ್ನು ನಾನು ಬರೆಯಲಾರೆ. ನಾಲ್ಕು ಜನ ಹಿಡಿದಿದ್ದರು, ಕೈಗಳು ಮಂಚದ ಕಬ್ಬಿಣಕ್ಕೆ ಬಡಿಯುತ್ತಿದ್ದವು, ಬರೀ ಕೈಗಳು. ಇಷ್ಟು ಸಾಕು. ಮರುದಿನ ಬೆಳಿಗ್ಗೆ ಹೆರಿಗೆ ಮಾಡಿಸಿದರು. ಮೊದಲ ಅಳು ಕೇಳಿತು. ವರಾಂಡದಲ್ಲಿ ಅಮ್ಮ ಕೈಮುಗಿದಳು. ನಾನು ಗಡಿಯಾರ ನೋಡಿಕೊಂಡೆ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಒಳಗೆ ಓಡಾಟ, ಪಾತ್ರೆಯ ಸದ್ದು, ಡಾಕ್ಟರಮ್ಮನ ಒಂದು ಗಟ್ಟಿ ಮಾತು. ಎರಡನೆಯದು ಬಂದಿದೆ ಎಂದು ಗೊತ್ತಾಯಿತು, ಅಳು ಬರಲಿಲ್ಲ. ಒಂದು ನಿಮಿಷ. ಎರಡು. ಗಾಳಿಯಲ್ಲಿ ಕುಟ್ಟಿದ್ದ ಆ ಎರಡು ಬೆರಳುಗಳಲ್ಲಿ ಒಂದು ಕೆಳಗಿಳಿದ ಹಾಗಾಯಿತು. ಆಗ ನನ್ನ ತಲೆಯಲ್ಲಿ ಇದ್ದದ್ದು ರಸಾಯನಶಾಸ್ತ್ರವಲ್ಲ. ‘ಆ ಬಳೆ ಒಡೆದದ್ದಕ್ಕೇ’ ಎಂಬ ಒಂದೇ ಮಾತು. ಅಮ್ಮನೂ ಹಾಗೆ ಯೋಚಿಸಿರಲಾರಳು, ಏಕೆಂದರೆ ಅವಳ ಮಟ್ಟಿಗೆ ಏನೂ ಒಡೆದಿರಲಿಲ್ಲ.

ಆಮೇಲೆ ಬೆಕ್ಕಿನ ಮರಿಯಂಥ ಒಂದು ದನಿ, ಇದ್ದೂ ಇಲ್ಲದ ಹಾಗೆ. ನರ್ಸು ಹೊರಬಂದು, “ಇಬ್ರೂ ಹೆಣ್ಣು” ಎಂದು ಅಷ್ಟೇ ಹೇಳಿ ಒಳಗೋಡಿದಳು.

ಪದ್ಮ ಕಣ್ಣು ಬಿಟ್ಟದ್ದು ಗೌರಿ ಹಬ್ಬದ ದಿನ. ಆಸ್ಪತ್ರೆಯ ದಿನಗಳೊಂದೂ ಅವಳ ನೆನಪಿನಲ್ಲಿಲ್ಲ. ಬಳೆ ಒಡೀಬೇಡಿ ಎಂದದ್ದೂ ಇಲ್ಲ, ನರಸಮ್ಮ ಬಂದದ್ದೂ ಇಲ್ಲ. ದೊಡ್ಡವಳಿಗೆ ಗೌರಿ ಎಂದೂ ಚಿಕ್ಕವಳಿಗೆ ಗಿರಿಜೆ ಎಂದೂ ಹೆಸರಿಟ್ಟೆವು. ನಾಮಕರಣಕ್ಕೆ ನರಸಮ್ಮ ಬಂದು ಎರಡು ಕೂಸಿನ ಕೈಯನ್ನೂ ಹಿಸುಕಿ ನೋಡಿ, “ಇವಕ್ಕೆ ಅಳತೆ ಈಗ್ಲೇ ಹೇಳಾಕಿಲ್ಲ” ಎಂದಳು. ಹತ್ತು ವರ್ಷ ಬರುತ್ತಿದ್ದಳು. ಅವಳನ್ನು ಕೇಳಬಹುದಿತ್ತು, ಅಂದು ಒಂದು ಒಡೆಯಿತೇ ಎಂದು. ಕೇಳಲಿಲ್ಲ. ಗ್ರಾಫ್ ಹಾಳೆಯನ್ನು ಹರಿದುಹಾಕಿದೆ.

ಬಳೆಯ ಗಂಟು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಅಮ್ಮನ ಪೆಟ್ಟಿಗೆಯ ತಳ ಸೇರಿತು. ಅಮ್ಮ ಹೋದ ಮೇಲೂ ಅಲ್ಲೇ ಇತ್ತು. ಎಲ್ಲವನ್ನೂ ಅಳೆದು ಎಣಿಸುವ ನಾನು ಅದೊಂದನ್ನು ಎಣಿಸಲಿಲ್ಲ. ಅಮ್ಮನ ಮಾತಿಗೆ ಗೌರವ ಎಂದು ಹೇಳಿಕೊಂಡೆ. ಗೌರವವಲ್ಲ. ಇಪ್ಪತ್ತು ಸಿಕ್ಕರೆ ಏನು ಮಾಡುವುದು ಎಂಬ ಹೆದರಿಕೆ.

ಕಳೆದ ತಿಂಗಳ ಸೀಮಂತ ಗಿರಿಜೆಯದು, ತಡವಾಗಿ ಅತ್ತವಳದು. ಅಂಟುವಾಳದ ವಾಸನೆ ಬಂದ ಆ ದಿನ ಪದ್ಮ ಪೆಟ್ಟಿಗೆಯ ತಳದಿಂದ ಡಬ್ಬಿ ತಂದು ಮಗಳ ಮುಂದಿಟ್ಟಳು. “ಅಪ್ಪ, ಎಷ್ಟಿವೆ ಇದ್ರಲ್ಲಿ?” ಎಂದಳು ಗಿರಿಜೆ. ಅವಳ ಕೈ ಕಡೆ ನೋಡಿದೆ. ಈಗೆಲ್ಲ ಮೊದಲು ಕೈಯನ್ನೇ ನೋಡುತ್ತೇನೆ. ತೆಳ್ಳಗಿತ್ತು. ನಾನು ಅವಳಿಗೆ ಮೊದಲ ಬಾರಿ ಆ ಸದ್ದಿನ ವಿಷಯ ಹೇಳಿದೆ. ಅವಳು ನಗಲಿಲ್ಲ. “ಹಾಗಾದ್ರೆ ಎಣ್ಸೋಣ” ಎಂದಳು.

ಗಂಟು ಬಿಚ್ಚಿದೆ. ಬಳೆಗಳನ್ನು ಪೋಣಿಸಿದ್ದ ಅರಿಶಿನದ ದಾರ ಮುಟ್ಟಿದರೆ ಪುಡಿಯಾಯಿತು. ಕನ್ನಡಕ ಹಾಕಿಕೊಂಡು, ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು, ಅಂಚಿನ ಸುತ್ತ ಉಗುರು ಹಾಯಿಸಿ, ಮೇಜಿನ ಮೇಲೆ ಸಾಲಾಗಿ ಇಟ್ಟೆ. ಕಾಲೇಜಿನ ಕಾಲದ ವರ್ನಿಯರ್ ಕ್ಯಾಲಿಪರ್ ಇನ್ನೂ ನನ್ನಲ್ಲಿತ್ತು. ಒಳಗಿನ ಅಡ್ಡಳತೆಯನ್ನೂ ನೋಡಿದೆ. ಮುಗಿದ ಮೇಲೆ ಗಿರಿಜೆ ಮತ್ತೆ ಮೊದಲಿನಿಂದ ಎಣಿಸಿದಳು. ಎರಡೂಕಾಲು ಅಂಗುಲದ ಹಸಿರು ಗಾಜಿನ ಬಳೆ, ಇಪ್ಪತ್ತೊಂದು. ಒಂದರಲ್ಲೂ ಬಿರುಕಿರಲಿಲ್ಲ.